ಪ್ರೊಸೆಸರ್ ಸ್ಕೋರನ್ನ ಬೆಲೆಯಿಂದ ಭಾಗಿಸಿದ್ರೆ ಸಾಕಾ?

ಪ್ರಶ್ನೆ: ಹೊಸ ಡೆಸ್ಕ್‌ಟಾಪ್ ಅಸೆಂಬಲ್ ಮಾಡ್ಬೇಕು ಅಂತಿದೀನಿ. ದಿನಾ ಕೋಡಿಂಗ್, ಮಧ್ಯೆಮಧ್ಯೆ ವಿಡಿಯೋ ಎಡಿಟಿಂಗ್, ರಾತ್ರಿ ಸ್ವಲ್ಪ ಗೇಮ್. ಒಂದು ಶೀಟಲ್ಲಿ ಸುಮಾರು ಪ್ರೊಸೆಸರ್‌ಗಳ ಬೆಂಚ್‌ಮಾರ್ಕ್ ಸ್ಕೋರ್ ಹಾಕಿ, ಬೆಲೆಯಿಂದ ಭಾಗಿಸಿ ನೋಡ್ದೆ. ಎಲ್ಲಕ್ಕಿಂತ ಮೇಲೆ ಬಂದಿದ್ದು ಇಂಟೆಲ್‌ನ ಸೆಕೆಂಡ್ ಹ್ಯಾಂಡ್ ಸರ್ವರ್ ಚಿಪ್ ಜಿಯಾನ್, ಅದಾದ್ಮೇಲೆ ಅಗ್ಗದ ನಾಲ್ಕು ಕೋರಿನ ಚಿಪ್‌ಗಳು. ಎಲ್ರೂ ಹೊಗಳೋ ಚಿಪ್‌ಗಳೆಲ್ಲ ತಳದಲ್ಲಿ ಬಿದ್ದಿವೆ. ಹಾಗಾದ್ರೆ ಜಿಯಾನ್ ತಗೊಳ್ಲಾ? ಇಲ್ಲಾಂದ್ರೆ ಇಂಟೆಲ್ ಒಳ್ಳೇದಾ, ಎಎಂಡಿ ಒಳ್ಳೇದಾ?

ಉತ್ತರ: ಮೊದಲು ಒಂದು ಮಾತು, ಶೀಟ್ ಮಾಡಿದ್ದು ಒಳ್ಳೇ ಕೆಲಸ. ಎಷ್ಟೋ ಜನ ಬಾಕ್ಸ್ ಮೇಲಿರೋ ಐ5, ಐ7 ನೋಡೇ ದುಡ್ಡು ಕೊಟ್ಟುಬಿಡ್ತಾರೆ. ನಿಮ್ಮ ಭಾಗಾಕಾರದಲ್ಲೂ ತಪ್ಪಿಲ್ಲ. ಆದ್ರೆ ಮೇಲೆ ಹಾಕಿರೋ ಸಂಖ್ಯೆ ನಿಮ್ಮ ಕೆಲಸದ್ದಲ್ಲ, ಕೆಳಗೆ ಹಾಕಿರೋ ಸಂಖ್ಯೆ ನೀವು ನಿಜವಾಗಿ ಕೊಡೋ ದುಡ್ಡಲ್ಲ. ಇವೆರಡನ್ನ ಸರಿ ಮಾಡಿದ್ರೆ ಪಟ್ಟಿ ಪೂರ್ತಿ ತಿರುಗುಮುರುಗಾಗತ್ತೆ, ಯಾವ ಕಂಪನಿ ಅನ್ನೋ ಪ್ರಶ್ನೆನೂ ಮುಕ್ಕಾಲು ಪಾಲು ತಾನಾಗೇ ಬಗೆಹರಿಯತ್ತೆ.

ಕೆಳಗಿನ ಸಂಖ್ಯೆಯಿಂದ ಶುರು ಮಾಡೋಣ, ಯಾಕಂದ್ರೆ ಜಾಸ್ತಿ ಜನ ಎಡವೋದು ಇಲ್ಲೇ. ಪ್ರೊಸೆಸರ್ ಒಂದನ್ನೇ ತಂದು ಟೇಬಲ್ ಮೇಲಿಟ್ರೆ ಅದೇನೂ ಮಾಡಲ್ಲ. ಬೋರ್ಡ್ ಬೇಕು, ರ‍್ಯಾಮ್ ಬೇಕು, ಎಸ್‌ಎಸ್‌ಡಿ, ಪವರ್ ಸಪ್ಲೈ, ಕೂಲರ್, ಕ್ಯಾಬಿನೆಟ್ ಎಲ್ಲಾ ಬೇಕು. ಯಾವ ದೇಶದ ದುಡ್ಡು ಅನ್ನೋದು ಬಿಡಿ, ಬರೀ ಸಂಖ್ಯೆ ಇಟ್ಕೊಳ್ಳಿ. ಮೊದಲನೇ ಚಿಪ್ ಬೆಲೆ 100, ಸ್ಕೋರ್ 100. ಎರಡನೇದು ಬೆಲೆ 160, ಸ್ಕೋರ್ 130. ಮೂರನೇದು ಬೆಲೆ 400, ಸ್ಕೋರ್ 150. ನಿಮ್ಮ ಶೀಟಿನ ಪ್ರಕಾರ ಮೊದಲನೇದಕ್ಕೆ 1, ಎರಡನೇದಕ್ಕೆ ಸುಮಾರು 0.81, ಮೂರನೇದಕ್ಕೆ 0.375 ಬರತ್ತೆ, ಅಂದ್ರೆ ಅಗ್ಗದ್ದೇ ರಾಜ. ಈಗ ಉಳಿದ ಸಾಮಾನಿಗೆಲ್ಲ ಸೇರಿ 400 ಆಗತ್ತೆ ಅಂತಿಟ್ಕೊಂಡು ಮತ್ತೆ ಭಾಗಿಸಿ. ಮೊದಲನೇದು 100 ಭಾಗ 500, ಅಂದ್ರೆ 0.2. ಎರಡನೇದು 130 ಭಾಗ 560, ಸುಮಾರು 0.232. ಮೂರನೇದು 150 ಭಾಗ 800, 0.1875. ನೋಡಿ, ಮಧ್ಯದ್ದು ಮೇಲೆ ಬಂತು. ಒಟ್ಟು ಖರ್ಚಿಗೆ ಬರೀ 12 ಪರ್ಸೆಂಟ್ ಸೇರಿಸಿ 30 ಪರ್ಸೆಂಟ್ ಸ್ಪೀಡ್ ತಗೊಂಡಂಗಾಯ್ತು. ದುಬಾರಿ ಚಿಪ್ ಮಾತ್ರ ಎರಡೂ ಲೆಕ್ಕದಲ್ಲಿ ಕೆಳಗೇ ಇದೆ. ಅದಕ್ಕೆ ತಕ್ಕಂತೆ ದೊಡ್ಡ ಕೂಲರ್, ಗಟ್ಟಿ ಬೋರ್ಡ್ ಅಂತ ಇನ್ನೂ 100 ಸೇರಿಸಿದ್ರೆ ಅದು 0.167ಕ್ಕೆ ಇಳಿಯತ್ತೆ.

ಬರೀ ಚಿಪ್ ಬೆಲೆಯಿಂದ ಭಾಗಿಸಿದ್ರೆ ಅಗ್ಗದ್ದು ಗೆಲ್ಲತ್ತೆ, ಬರೀ ಸ್ಕೋರ್ ನೋಡಿದ್ರೆ ದುಬಾರಿದು ಗೆಲ್ಲತ್ತೆ, ಪೂರ್ತಿ ಸಿಸ್ಟಮ್ ಬೆಲೆಯಿಂದ ಭಾಗಿಸಿದಾಗ ಸಾಮಾನ್ಯವಾಗಿ ಮಧ್ಯದಲ್ಲಿರೋ ಆರು ಅಥವಾ ಎಂಟು ಕೋರಿನ (ಕೋರ್ ಅಂದ್ರೆ ಚಿಪ್ ಒಳಗೆ ಲೆಕ್ಕ ಮಾಡೋ ಒಂದೊಂದು ಘಟಕ) ಚಿಪ್‌ಗಳು ಮೇಲೆ ಬರ್ತವೆ. ಎಲ್ರೂ ಹೊಗಳೋ ಚಿಪ್‌ಗಳು ಯಾಕೆ ನಿಮ್ಮ ಶೀಟಲ್ಲಿ ತಳದಲ್ಲಿದ್ವು ಅನ್ನೋದಕ್ಕೆ ಇದೇ ಕಾರಣ.

ಈ ಲೆಕ್ಕಕ್ಕೂ ಒಂದು ಎಚ್ಚರಿಕೆ ಬೇಕು. ಗ್ರಾಫಿಕ್ಸ್ ಕಾರ್ಡಿಗೇ ಭಾರೀ ದುಡ್ಡು ಹಾಕೋರಿದ್ರೆ ಕೆಳಗಿನ ಸಂಖ್ಯೆ ಎಷ್ಟು ದೊಡ್ಡದಾಗತ್ತೆ ಅಂದ್ರೆ ಯಾವ ದುಬಾರಿ ಪ್ರೊಸೆಸರ್ ಬೇಕಾದ್ರೂ ಸರಿ ಅನ್ನಿಸೋಕೆ ಶುರುವಾಗತ್ತೆ. ಆಗ ಕೇಳ್ಕೋಬೇಕಾದ್ದು ಬೇರೆ: ಈ ಹೆಚ್ಚುವರಿ 60ನ್ನ ಪ್ರೊಸೆಸರಿಗೆ ಹಾಕೋ ಬದಲು ರ‍್ಯಾಮ್‌ಗೋ ಎಸ್‌ಎಸ್‌ಡಿಗೋ ಗ್ರಾಫಿಕ್ಸ್ ಕಾರ್ಡಿಗೋ ಹಾಕಿದ್ರೆ ನನ್ನ ಕೆಲಸ ಇನ್ನೂ ಬೇಗ ಆಗತ್ತಾ? 8 ಜಿಬಿ ರ‍್ಯಾಮ್ ಇಟ್ಕೊಂಡು ಎಂಟು ಕೋರ್ ತಗೊಳ್ಳೋದಕ್ಕಿಂತ 32 ಜಿಬಿ ಇಟ್ಕೊಂಡು ಆರು ಕೋರ್ ತಗೊಳ್ಳೋದು ನಿಮ್ಮಂಥ ಕೆಲಸಕ್ಕೆ ನೂರು ಪಾಲು ಮೇಲು. ಆ ರ‍್ಯಾಮನ್ನೂ ಒಂದೇ ಕಡ್ಡಿಯಲ್ಲಿ ತಗೋಬೇಡಿ, ಎರಡು ಕಡ್ಡಿ ಹಾಕಿ ಡ್ಯುಯಲ್ ಚಾನೆಲ್ ಮಾಡಿ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಬಳಸೋರಿಗಂತೂ ಇದು ತುಂಬಾ ಮುಖ್ಯ.

ಬೋರ್ಡ್ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು. ಎಎಂಡಿಯ ಎಎಂ4 ಸಾಕೆಟ್‌ಗೆ (ಸಾಕೆಟ್ ಅಂದ್ರೆ ಬೋರ್ಡ್ ಮೇಲೆ ಚಿಪ್ ಕೂರೋ ಜಾಗ) 2017ರಲ್ಲಿ ಮೊದಲ ರೈಜನ್ ಪ್ರೊಸೆಸರ್ ಬಂತು, 2024ರಲ್ಲೂ ಅದೇ ಸಾಕೆಟ್‌ಗೆ ಹೊಸ ಚಿಪ್ ಬಿಟ್ರು. 2022ರಲ್ಲಿ ಬಂದ ಎಎಂ5ಗೆ 2027 ಮತ್ತು ಅದರ ನಂತರವೂ ಸಪೋರ್ಟ್ ಕೊಡ್ತೀವಿ ಅಂತ ಕಂಪನಿನೇ ಹೇಳಿದೆ. ಇಂಟೆಲ್‌ನ ಎಲ್‌ಜಿಎ1700 ಸಾಕೆಟ್‌ 12, 13, 14ನೇ ಜನರೇಷನ್‌ಗೆ ಮುಗೀತು. ಅದರ ಒಂದು ಅನುಕೂಲ ಏನಂದ್ರೆ ಬೋರ್ಡ್ ನೋಡ್ಕೊಂಡು ಡಿಡಿಆರ್4 ರ‍್ಯಾಮ್ ಬೇಕಾದ್ರೂ ಹಾಕ್ಬಹುದು, ಡಿಡಿಆರ್5 ಬೇಕಾದ್ರೂ ಹಾಕ್ಬಹುದು. ಎಎಂ5 ಬರೀ ಡಿಡಿಆರ್5. ನಿಮ್ಮತ್ರ ಈಗಾಗ್ಲೇ ಒಳ್ಳೇ ಡಿಡಿಆರ್4 ರ‍್ಯಾಮ್ ಇದ್ರೆ ಅಷ್ಟು ದುಡ್ಡು ಒಂದು ಕಡೆ ಉಳೀತು ಅಂತ ಶೀಟಲ್ಲಿ ಕಾಣ್ಬೇಕು. ಇನ್ನು ಹಳೇ ಎಎಂ4 ಬೋರ್ಡ್ ಇಟ್ಕೊಂಡಿರೋರಿಗೆ ಲೆಕ್ಕನೇ ಬೇರೆ. ರೈಜನ್ 5 1600 ಹಾಕಿರೋ ಬೋರ್ಡಿಗೆ ಬಯಾಸ್ (ಬೋರ್ಡ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ಬೋರ್ಡ್ ಕಂಪನಿಯ ಸಪೋರ್ಟ್ ಲಿಸ್ಟ್‌ನಲ್ಲಿ ಇದೆಯಾ ನೋಡ್ಕೊಂಡು ರೈಜನ್ 5000 ಚಿಪ್ ಕೂರಿಸ್ಬಹುದು, ಅವರಿಗೆ ಖರ್ಚು ಅಂದ್ರೆ ಹೊಸ ಚಿಪ್ ಬೆಲೆಯಲ್ಲಿ ಹಳೇ ಚಿಪ್ ಮಾರಿ ಬಂದ ದುಡ್ಡು ಕಳೆದು ಉಳಿದಷ್ಟೇ. ಅಂಥವರು ಹೊಸ ಪ್ಲಾಟ್‌ಫಾರ್ಮ್‌ಗೆ ಹೋಗೋ ಮುಂಚೆ ಈ ಒಂದು ಲೆಕ್ಕ ಮಾಡ್ಲೇಬೇಕು.

ಈಗ ಮೇಲಿನ ಸಂಖ್ಯೆ. ನೀವು ಹಾಕಿರೋ ಸ್ಕೋರ್ ಎಲ್ಲಾ ಕೋರ್‌ಗಳನ್ನೂ ಒಟ್ಟಿಗೆ ಓಡಿಸಿ ತೆಗೆದಿರೋ ಒಟ್ಟು ಮಾರ್ಕ್ಸ್. ಜಿಯಾನ್ ಮೇಲೆ ಬಂದಿದ್ದೇ ಅದಕ್ಕೆ. 2016ರ ಜಿಯಾನ್ ಇ5-2680 ವಿ4 ತಗೊಳ್ಳಿ, 14 ಕೋರ್, 28 ಥ್ರೆಡ್ (ಒಟ್ಟಿಗೆ ನಡೆಸೋ ಕೆಲಸದ ಎಳೆಗಳು), ಸರ್ವರ್‌ಗಳಿಂದ ಕಿತ್ತು ಮಾರೋದ್ರಿಂದ ಅಗ್ಗ. ಎಲ್ಲಾ ಕೋರ್ ಸೇರಿದ ಸ್ಕೋರ್ ಇವತ್ತಿಗೂ ಮರ್ಯಾದೆಯಾಗೇ ಇರತ್ತೆ. ಆದ್ರೆ ಅದರ ಮಾಮೂಲಿ ವೇಗ ಅಂದ್ರೆ ಬೇಸ್ 2.4 ಗಿಗಾಹರ್ಟ್ಸ್, ಗರಿಷ್ಠ ವೇಗ ಅಂದ್ರೆ ಬೂಸ್ಟ್ 3.3, ಒಂದೊಂದು ಕೋರ್ ಬಿಡಿಬಿಡಿಯಾಗಿ ನೋಡಿದ್ರೆ ನಿಧಾನ. 2022ರ ಸಣ್ಣ ಐ3-12100ರ ಒಂದು ಕೋರ್ ಈ ಜಿಯಾನ್‌ನ ಒಂದು ಕೋರಿಗಿಂತ ಒಂದೂವರೆ ಪಟ್ಟಿಗೂ ಜಾಸ್ತಿ ವೇಗ. ಎಡಿಟರ್‌ನಲ್ಲಿ ಟೈಪ್ ಮಾಡಿದಾಗ ಸಜೆಷನ್ ಬರೋದು, ಬ್ರೌಸರ್‌ನಲ್ಲಿ ಪೇಜ್ ತೆರೆಯೋದು, ಎಡಿಟಿಂಗ್ ಟೈಮ್‌ಲೈನ್ ಎಳೆದಾಗ ಚಿತ್ರ ಜೊತೇಲೇ ಬರೋದು, ಇಂಥ ಕ್ಷಣಗಳಲ್ಲೆಲ್ಲ ಹದಿನಾಲ್ಕರಲ್ಲಿ ಹೆಚ್ಚಿನ ಕೋರ್‌ಗಳು ಸುಮ್ಮನೆ ಕೂತಿರ್ತವೆ, ನೀವು ಕಾಯ್ತಾ ಇರ್ತೀರಿ. ಅದೂ ಅಲ್ದೆ ಅದರೊಳಗೆ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡ್ ಬೇಕೇ ಬೇಕು. ಇಂಟೆಲ್‌ನ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ವಿಂಡೋಸ್ 11 ಅಧಿಕೃತವಾಗಿ ಒಪ್ಪೋದು ಹೆಚ್ಚುಕಮ್ಮಿ 8ನೇ ಜನರೇಷನ್‌ನಿಂದ ಮೇಲೆ, ಈ ಜಿಯಾನ್ ಅದಕ್ಕಿಂತ ಹಳೇದು, ಪಟ್ಟಿಯಲ್ಲಿಲ್ಲ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು. 2018ರ ಜನವರಿಯಲ್ಲಿ ಹೊರಬಂದ ಮೆಲ್ಟ್‌ಡೌನ್, ಸ್ಪೆಕ್ಟರ್ ಅನ್ನೋ ಸೆಕ್ಯುರಿಟಿ ತೊಂದರೆಗೆ ಹಾಕಿದ ತೇಪೆಗಳಿಂದ ಇಂಥ ಹಳೇ ಚಿಪ್‌ಗಳು ಕೆಲವು ಕೆಲಸದಲ್ಲಿ ಇನ್ನಷ್ಟು ನಿಧಾನ ಆದ್ವು. ಲಿನಕ್ಸ್ ಹಾಕಿ ಹತ್ತಾರು ವರ್ಚುವಲ್ ಮಷಿನ್ ಓಡಿಸಿ ಕಲೀಬೇಕು ಅನ್ನೋರಿಗೆ ಜಿಯಾನ್ ಒಳ್ಳೇದೇ, ಅದನ್ನ ತೆಗೆದುಹಾಕೋ ಮಾತಲ್ಲ. ನಿಮ್ಮ ಮೂರು ಕೆಲಸಕ್ಕೆ ಮಾತ್ರ ಬೇಡ.

ಕೋರ್ ಜಾಸ್ತಿ ಆದಷ್ಟೂ ವೇಗ ಅದೇ ಲೆಕ್ಕದಲ್ಲಿ ಏರಲ್ಲ ಅನ್ನೋದನ್ನ ಜೀನ್ ಆಮ್ಡಾಲ್ ಅನ್ನೋ ಎಂಜಿನಿಯರ್ 1967ರಲ್ಲೇ ತೋರಿಸಿದ್ರು. ಒಂದು ಕೆಲಸದಲ್ಲಿ 80 ಪರ್ಸೆಂಟ್ ಭಾಗನ ಕೋರ್‌ಗಳಿಗೆ ಹಂಚೋಕೆ ಬರತ್ತೆ, 20 ಪರ್ಸೆಂಟ್ ಒಂದರ ಹಿಂದೆ ಒಂದು ನಡೀಲೇಬೇಕು ಅಂತಿಟ್ಕೊಳ್ಳಿ. ನಾಲ್ಕು ಕೋರಿಗೆ 2.5 ಪಟ್ಟು ವೇಗ ಸಿಗತ್ತೆ. ಎಂಟು ಕೋರಿಗೆ 3.33 ಪಟ್ಟು. ಹದಿನಾರಕ್ಕೆ 4 ಪಟ್ಟು ಅಷ್ಟೇ. ಕೋರ್ ಎಷ್ಟೇ ಸುರಿದ್ರೂ ಐದು ಪಟ್ಟು ದಾಟಲ್ಲ, ಯಾಕಂದ್ರೆ ಆ 20 ಪರ್ಸೆಂಟ್ ಕರಗಲ್ಲ. ಇದನ್ನ ಕಣ್ಣಾರೆ ನೋಡ್ಬೇಕು ಅಂದ್ರೆ ಒಂದು ದೊಡ್ಡ ಸಿ++ ಪ್ರಾಜೆಕ್ಟ್ ಬಿಲ್ಡ್‌ಗೆ ಹಾಕಿ ಟಾಸ್ಕ್ ಮ್ಯಾನೇಜರ್‌ನಲ್ಲಿ ಒಂದೊಂದು ಕೋರಿನ ಗ್ರಾಫ್ ಬಿಚ್ಚಿಟ್ಟು ನೋಡಿ. ಕಂಪೈಲ್ ಆಗ್ತಿರೋವಾಗ ಎಲ್ಲಾ ಚೌಕಗಳೂ ತಲೆಯವರೆಗೆ ತುಂಬಿರ್ತವೆ. ಕೊನೆಗೆ ಲಿಂಕಿಂಗ್ (ಕಂಪೈಲ್ ಆದ ತುಂಡುಗಳನ್ನ ಜೋಡಿಸಿ ಒಂದು ಪ್ರೋಗ್ರಾಂ ಮಾಡೋದು) ಶುರುವಾದ ತಕ್ಷಣ ಎಲ್ಲಾ ಧಡಕ್ಕಂತ ಕೆಳಗೆ ಬಿದ್ದು ಒಂದೋ ಎರಡೋ ಮಾತ್ರ ಓಡ್ತಿರ್ತವೆ. ಆ ಹೊತ್ತಲ್ಲಿ ನಿಮ್ಮ ಕೈ ಹಿಡಿಯೋದು ಒಂದು ಕೋರಿನ ವೇಗ.

ಅದಕ್ಕೆ ಸಿಂಗಲ್ ಕೋರ್ ಸ್ಕೋರ್, ಮಲ್ಟಿ ಕೋರ್ ಸ್ಕೋರ್ ಎರಡನ್ನೂ ತಗೊಂಡು ನಿಮ್ಮ ಟೈಮ್‌ಗೆ ತಕ್ಕಂತೆ ಸೇರಿಸಿ. ಸೇರಿಸೋ ರೀತಿ ಮುಖ್ಯ, ಸುಮ್ನೆ ಸರಾಸರಿ ತೆಗೀಬೇಡಿ. ಈಗಿರೋ ಕಂಪ್ಯೂಟರ್‌ನಲ್ಲಿ ನೀವು ಒಂದು ತಿಂಗಳಲ್ಲಿ ಕಾಯೋ ಟೈಮ್ ಹತ್ತು ಗಂಟೆ, ಅದರಲ್ಲಿ ಏಳು ಗಂಟೆ ಸಿಂಗಲ್ ಕೋರ್ ಥರದ ಕೆಲಸ, ಮೂರು ಗಂಟೆ ಎಲ್ಲಾ ಕೋರ್ ಬಳಸೋ ಕೆಲಸ ಅಂತಿಟ್ಕೊಳ್ಳಿ. ಒಂದು ಚಿಪ್ ಸಿಂಗಲ್‌ನಲ್ಲಿ 1.1 ಪಟ್ಟು, ಮಲ್ಟಿಯಲ್ಲಿ 1.8 ಪಟ್ಟು ವೇಗ. ಇನ್ನೊಂದು ಸಿಂಗಲ್‌ನಲ್ಲಿ 1.25, ಮಲ್ಟಿಯಲ್ಲಿ ಬರೀ 1.3. ಪಟ್ಟಿ ನೋಡಿದ್ರೆ ಮೊದಲನೇದೇ ದೊಡ್ಡದು ಅನ್ಸತ್ತೆ ಅಲ್ವಾ, ಆದ್ರೆ ಏಳನ್ನ 1.1ರಿಂದ, ಮೂರನ್ನ 1.8ರಿಂದ ಭಾಗಿಸಿ ಕೂಡಿದ್ರೆ ಮೊದಲನೇದಕ್ಕೆ ಸುಮಾರು 8 ಗಂಟೆ 2 ನಿಮಿಷ ಬರತ್ತೆ, ಅದೇ ಥರ ಮಾಡಿದ್ರೆ ಎರಡನೇದಕ್ಕೆ 7 ಗಂಟೆ 54 ನಿಮಿಷ. ಮಲ್ಟಿಯಲ್ಲಿ ಅಷ್ಟು ಹಿಂದಿದ್ರೂ ನಿಮ್ಮ ಕೆಲಸನ ಮೊದಲು ಮುಗಿಸೋದು ಎರಡನೇದೇ. ಅದೇ ದಿನಪೂರ್ತಿ 3ಡಿ ರೆಂಡರ್ ಮಾಡೋರು ಇದೇ ಲೆಕ್ಕ ಹಾಕಿದ್ರೆ ಮೊದಲನೇ ಚಿಪ್ ಎಷ್ಟೋ ಮುಂದೆ ಹೋಗತ್ತೆ. ಇಲ್ಲಿ ಕಂಪ್ಯೂಟರ್ ನಿಮ್ಮನ್ನ ಕಾಯಿಸೋ ಟೈಮ್ ಮಾತ್ರ ಲೆಕ್ಕಕ್ಕೆ ತಗೊಳ್ಳಿ. ನೀವು ಯೋಚನೆ ಮಾಡ್ತಾ ಕೂತ ಟೈಮ್, ಟೈಪ್ ಮಾಡೋ ಟೈಮ್ ಯಾವ ಪ್ರೊಸೆಸರ್ ಹಾಕಿದ್ರೂ ಕಮ್ಮಿಯಾಗಲ್ಲ.

ಬೆಂಚ್‌ಮಾರ್ಕ್‌ಗಳ ಹೆಸರು ಒಂದೇ ಥರ ಕಾಣಿಸಿದ್ರೂ ಒಂದೊಂದೂ ಅಳೆಯೋದು ಬೇರೆಬೇರೆ. ಸಿನಿಬೆಂಚ್ ಅನ್ನೋದು ಸಿನಿಮಾ 4ಡಿ ಸಾಫ್ಟ್‌ವೇರ್‌ನ ರೆಂಡರ್ ಕೆಲಸ. ಚಿತ್ರನ ತುಂಡುತುಂಡು ಮಾಡಿ ಕೋರ್‌ಗಳಿಗೆ ಹಂಚೋದ್ರಿಂದ ಹಂಚೋಕೆ ಬಾರದ ಭಾಗ ಹೆಚ್ಚುಕಮ್ಮಿ ಇಲ್ಲವೇ ಇಲ್ಲ, ಕೋರ್ ಜಾಸ್ತಿ ಇದ್ದಷ್ಟೂ ಸ್ಕೋರ್ ಚೆನ್ನಾಗಿ ಏರತ್ತೆ, ರ‍್ಯಾಮ್ ವೇಗದ ಪ್ರಭಾವ ಬಹಳ ಕಮ್ಮಿ. ರೆಂಡರ್ ಮಾಡೋರಿಗೆ ಚಿನ್ನದಂಥ ಟೆಸ್ಟ್, ನಿಮ್ಮ ಕೋಡಿಂಗ್‌ಗೆ ಅರ್ಧ ಸತ್ಯ. ಗೀಕ್‌ಬೆಂಚ್ 6 ಬಂದಿದ್ದು 2023ರಲ್ಲಿ, ಅದರಲ್ಲಿ ಮಲ್ಟಿ ಕೋರ್ ಟೆಸ್ಟ್ ಮಾಡೋ ರೀತಿನೇ ಬದಲಾಯ್ತು. ಮುಂಚೆ ಒಂದೊಂದು ಕೋರಿಗೂ ಒಂದೊಂದು ಬೇರೆ ಕೆಲಸ ಕೊಡ್ತಿದ್ರು, ಈಗ ಎಲ್ಲಾ ಕೋರ್ ಸೇರಿ ಒಂದೇ ಕೆಲಸ ಮಾಡ್ಬೇಕು, ಹಾಗಾಗಿ ತುಂಬಾ ಕೋರಿನ ಚಿಪ್‌ಗಳು ಅದರಲ್ಲಿ ಮುಂಚಿನಷ್ಟು ಮೇಲೆ ಹೋಗಲ್ಲ. ಸಾಮಾನ್ಯ ಬಳಕೆಗೆ ಇದು ಹತ್ತಿರ. ಹಾಗಂತ ಗೀಕ್‌ಬೆಂಚ್ 5ರ ಸ್ಕೋರ್ ಒಂದು ಸಾಲಲ್ಲಿ, 6ರ ಸ್ಕೋರ್ ಇನ್ನೊಂದು ಸಾಲಲ್ಲಿ ಹಾಕಿ ಹೋಲಿಸಿದ್ರೆ ಎಲ್ಲಾ ಕೆಟ್ಟುಹೋಗತ್ತೆ. ಪಾಸ್‌ಮಾರ್ಕ್‌ನ ದೊಡ್ಡ ಪಟ್ಟಿ ಬಳಕೆದಾರರೇ ಕಳಿಸಿದ ಫಲಿತಾಂಶಗಳ ಸರಾಸರಿ. ಹಳೇದು, ಹೊಸದು, ಡೆಸ್ಕ್‌ಟಾಪ್, ಲ್ಯಾಪ್‌ಟಾಪ್ ಎಲ್ಲಾ ಒಂದೇ ಕಡೆ ಸಿಗತ್ತೆ ಅನ್ನೋದು ಅದರ ಬಲ, ಒಟ್ಟಾರೆ ಅಂದಾಜಿಗೆ ನಾನೂ ಅದನ್ನೇ ಮೊದಲು ತೆಗೀತೀನಿ, ಆದ್ರೆ ಅಲ್ಲಿ ಐದು ಪರ್ಸೆಂಟ್ ವ್ಯತ್ಯಾಸ ಕಂಡ್ರೆ ಅದಕ್ಕೆ ಅರ್ಥನೇ ಕೊಡಲ್ಲ, ಯಾರ ಕೂಲರ್ ಹೇಗಿತ್ತೋ ಯಾರ ರ‍್ಯಾಮ್ ಹೇಗಿತ್ತೋ. ಎಲ್ಲಕ್ಕಿಂತ ಒಳ್ಳೇದು ನೀವು ಬಳಸೋ ಸಾಫ್ಟ್‌ವೇರಲ್ಲೇ ಮಾಡಿದ ಟೆಸ್ಟ್. ಬ್ಲೆಂಡರ್, ಪ್ರೀಮಿಯರ್, ಡಾವಿಂಚಿ ರಿಸಾಲ್ವ್, ಕೋಡ್ ಕಂಪೈಲ್, ಇವುಗಳ ಟೆಸ್ಟ್ ಮಾಡೋ ರಿವ್ಯೂಗಳು ಬೇಕಾದಷ್ಟಿವೆ. ಎರಡು ಬೇರೆ ರಿವ್ಯೂಗಳ ಅಂಕಿ ತಂದು ಪಕ್ಕಪಕ್ಕ ಇಡಬೇಡಿ, ಒಂದೇ ರಿವ್ಯೂನಲ್ಲಿ ಒಂದೇ ಥರದ ಸೆಟಪ್‌ನಲ್ಲಿ ಬಂದ ಅಂಕಿ ಮಾತ್ರ ಹೋಲಿಸಿ.

ಗಿಗಾಹರ್ಟ್ಸ್ ಕಾಲಮ್ ಇದ್ರೆ ಅಳಿಸಿಬಿಡಿ. ಐ7-7700ಕೆ 2017ರ ಶುರುವಲ್ಲಿ ಇಂಟೆಲ್‌ನ ಮಾಮೂಲಿ ಡೆಸ್ಕ್‌ಟಾಪ್ ಸಾಲಿನ ಅತಿ ದೊಡ್ಡ ಚಿಪ್, 4 ಕೋರ್, 8 ಥ್ರೆಡ್, ಬೂಸ್ಟ್ 4.5 ಗಿಗಾಹರ್ಟ್ಸ್. ಆಗಲೇ ಹೇಳಿದ ಐ3-12100ರಲ್ಲೂ 4 ಕೋರ್, 8 ಥ್ರೆಡ್, ಬೂಸ್ಟ್ 4.3. ಗಿಗಾಹರ್ಟ್ಸ್ ಕಮ್ಮಿ, ಹೆಸರಲ್ಲಿ ಐ3, ಆದ್ರೂ ಆ ಐ7ನ ಸಿಂಗಲ್‌ನಲ್ಲೂ ಮಲ್ಟಿಯಲ್ಲೂ ಹಿಂದೆ ಹಾಕತ್ತೆ, ಯಾಕಂದ್ರೆ ಒಂದೊಂದು ಕ್ಲಾಕಿಗೆ ಮಾಡೋ ಕೆಲಸ ಜಾಸ್ತಿ, ಅದನ್ನೇ ಐಪಿಸಿ ಅನ್ನೋದು. ಇದೇನೂ ಹೊಸ ಗಲಾಟೆ ಅಲ್ಲ, ಎಎಂಡಿಯವರು 2001ರಲ್ಲೇ 1.53 ಗಿಗಾಹರ್ಟ್ಸ್ ಚಿಪ್‌ಗೆ ಅಥ್ಲಾನ್ ಎಕ್ಸ್‌ಪಿ 1800+ ಅಂತ ಹೆಸರಿಟ್ಟಿದ್ರು, ಜನ ಬರೀ ಗಿಗಾಹರ್ಟ್ಸ್ ನೋಡಿ ಪೆಂಟಿಯಂ 4 ಕಡೆ ಹೋಗಬಾರದು ಅಂತ.

ಗೇಮ್ ವಿಷಯಕ್ಕೆ ಬಂದ್ರೆ ರೈಜನ್ 7 5800ಎಕ್ಸ್, 5800ಎಕ್ಸ್3ಡಿ ಜೋಡಿಗಿಂತ ಒಳ್ಳೇ ಪಾಠ ಇಲ್ಲ. ಮೊದಲನೇದು 2020ರ ನವೆಂಬರ್‌ನಲ್ಲಿ ಬಂತು, ಎರಡನೇದು 2022ರ ಏಪ್ರಿಲ್‌ನಲ್ಲಿ, ಬಿಡುಗಡೆ ಬೆಲೆ ಎರಡಕ್ಕೂ 449 ಡಾಲರ್. ಎರಡರಲ್ಲೂ ಎಂಟು ಕೋರ್, ಅದೇ ಝೆನ್ 3 ವಿನ್ಯಾಸ. ಎರಡನೇದರ ಬೂಸ್ಟ್ 4.7ರಿಂದ 4.5ಕ್ಕೆ ಇಳಿದಿದೆ, ಹಾಗಾಗಿ ಸಿನಿಬೆಂಚ್‌ನಲ್ಲಿ ಸ್ವಲ್ಪ ಹಿಂದೆ. ಆದ್ರೆ ಚಿಪ್ ಮೇಲೆ ಇನ್ನೊಂದು ಪದರ ಕೂರಿಸಿ ಎಲ್3 ಕ್ಯಾಶ್‌ನ, ಅಂದ್ರೆ ಚಿಪ್ ಒಳಗಿನ ವೇಗದ ಮೆಮೊರಿನ, 32 ಎಂಬಿಯಿಂದ 96 ಎಂಬಿಗೆ ಏರಿಸಿದಾರೆ. ಗೇಮ್‌ಗಳು ಚೂರುಪಾರು ಡೇಟಾನ ಪದೇ ಪದೇ ಕೇಳ್ತಾ ಇರ್ತವೆ, ಅದು ಕ್ಯಾಶ್‌ನಲ್ಲೇ ಸಿಕ್ರೆ ರ‍್ಯಾಮ್‌ವರೆಗೆ ಹೋಗಿ ಕಾಯೋದು ತಪ್ಪತ್ತೆ, ಹಾಗಾಗಿ ಗೇಮಲ್ಲಿ ಈ ನಿಧಾನದ ಚಿಪ್ಪೇ ಮುಂದೆ, ಕೆಲವು ಗೇಮಲ್ಲಂತೂ ತುಂಬಾ ಮುಂದೆ. ಸಿನಿಬೆಂಚ್ ಸ್ಕೋರ್‌ನ ಬೆಲೆಯಿಂದ ಭಾಗಿಸಿದ ಯಾವ ಶೀಟೂ ಈ ವಿಷಯನ ತೋರಿಸೋಕೆ ಸಾಧ್ಯನೇ ಇಲ್ಲ.

ಹಾಗಂತ ಎಕ್ಸ್3ಡಿ ಚಿಪ್‌ಗೆ ಓಡಬೇಡಿ. ರಿವ್ಯೂ ಮಾಡೋರು ಅತಿ ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿ, 1080ಪಿ ರೆಸಲ್ಯೂಷನ್‌ಗೆ ಇಳಿಸಿ ಟೆಸ್ಟ್ ಮಾಡ್ತಾರೆ, ಪ್ರೊಸೆಸರ್‌ಗಳ ವ್ಯತ್ಯಾಸ ಕಾಣ್ಲಿ ಅಂತಲೇ ಹಾಗೆ ಮಾಡೋದು, ಅದು ಸರಿಯಾದ ಕ್ರಮ. ನಿಮ್ಮ ಮನೇಲಿ ಮಧ್ಯಮ ದರ್ಜೆ ಕಾರ್ಡ್, 1440ಪಿ ಅಥವಾ 4ಕೆ ಮಾನಿಟರ್ ಇದ್ರೆ ಕಾರ್ಡೇ ಮೊದಲು ಸುಸ್ತಾಗತ್ತೆ, ಆಗ ಆರು ಕೋರಿನ ಮಾಮೂಲಿ ಚಿಪ್‌ಗೂ ಟಾಪ್ ಚಿಪ್‌ಗೂ ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಬರತ್ತೆ ಅನ್ನೋದು) ಹತ್ತಿರಹತ್ತಿರ ಒಂದೇ. ರಾತ್ರಿ ಸ್ವಲ್ಪ ಗೇಮ್ ಆಡೋರು ಪ್ರೊಸೆಸರ್‌ನಲ್ಲಿ ಉಳಿಸಿ ಗ್ರಾಫಿಕ್ಸ್ ಕಾರ್ಡ್ ಒಂದು ಮೆಟ್ಟಿಲು ಮೇಲಿಂದು ತಗೊಳ್ಳೋದೇ ಜಾಣತನ. ಸರಾಸರಿ ಎಫ್‌ಪಿಎಸ್ ಜೊತೆ 1 ಪರ್ಸೆಂಟ್ ಲೋ (ಅತಿ ನಿಧಾನದ 1 ಪರ್ಸೆಂಟ್ ಫ್ರೇಮ್‌ಗಳ ವೇಗ) ಅನ್ನೋ ಅಂಕಿನೂ ನೋಡಿ, ಆಟದ ಮಧ್ಯೆ ತಡವರಿಸೋದು ಗೊತ್ತಾಗೋದು ಅದರಲ್ಲೇ.

ವಿಡಿಯೋ ಎಡಿಟಿಂಗ್‌ನಲ್ಲಿ ಬೆಂಚ್‌ಮಾರ್ಕ್ ಪಟ್ಟಿ ಪೂರ್ತಿ ಮರೆಯೋ ಒಂದು ವಿಷಯ ಇದೆ. ಇಂಟೆಲ್ ಚಿಪ್ ಒಳಗಿನ ಗ್ರಾಫಿಕ್ಸ್‌ನಲ್ಲಿ ಕ್ವಿಕ್ ಸಿಂಕ್ ಅಂತ ವಿಡಿಯೋಗೇ ಅಂತ ಇರೋ ಬೇರೆ ಭಾಗ ಇದೆ. ಈಗಿನ ಕೆಲವು ಕ್ಯಾಮೆರಾಗಳು ಎಚ್.265, 10 ಬಿಟ್, 4:2:2 ಅನ್ನೋ ಫಾರ್ಮ್ಯಾಟಲ್ಲಿ ರೆಕಾರ್ಡ್ ಮಾಡ್ತವೆ, ಅದನ್ನ ಬಿಚ್ಚೋದು ಪ್ರೊಸೆಸರ್ ಕೋರ್‌ಗಳಿಗೆ ಭಾರೀ ಹೊರೆ. ಇಂಟೆಲ್‌ನ 12ನೇ ಜನರೇಷನ್ ಚಿಪ್‌ಗಳ ಕ್ವಿಕ್ ಸಿಂಕ್ ಇದನ್ನ ಹಾರ್ಡ್‌ವೇರಲ್ಲೇ ಬಿಚ್ಚತ್ತೆ, ಆದ್ರೆ ಎನ್‌ವಿಡಿಯಾ ಕಾರ್ಡ್‌ಗಳಿಗೆ ಈ ಶಕ್ತಿ ಬಂದಿದ್ದು ಆರ್‌ಟಿಎಕ್ಸ್ 50 ಸರಣಿಯಲ್ಲಿ. ಹಾಗಾಗಿ ನಿಮ್ಮ ಕ್ಯಾಮೆರಾ ಇಂಥ ಫೈಲ್ ಕೊಡೋದಾದ್ರೆ ಐ5-12400 ಮತ್ತೆ ಐ5-12400ಎಫ್ ಮಧ್ಯೆ ಯಾವುದು ಅನ್ನೋದಕ್ಕೆ ಉತ್ತರ ಸಿಕ್ಕಿಬಿಡ್ತು. ಎರಡರ ಬೆಂಚ್‌ಮಾರ್ಕ್ ಸ್ಕೋರ್ ಒಂದೇ, ಎಫ್ ಸ್ವಲ್ಪ ಅಗ್ಗ, ಶೀಟಲ್ಲಿ ಎಫ್ ಗೆಲ್ಲತ್ತೆ, ಆದ್ರೆ ಎಫ್ ಅಂದ್ರೆ ಒಳಗಿನ ಗ್ರಾಫಿಕ್ಸ್ ಇಲ್ಲ, ಅಂದ್ಮೇಲೆ ಕ್ವಿಕ್ ಸಿಂಕೂ ಇಲ್ಲ. ಟೈಮ್‌ಲೈನ್ ಎಳೆದಾಗೆಲ್ಲ ತಡವರಿಸೋದನ್ನ ದಿನಾ ಸಹಿಸ್ಕೋಬೇಕಾಗತ್ತೆ. ಫೋನಲ್ಲಿ ತೆಗೆದ ಮಾಮೂಲಿ ವಿಡಿಯೋ ಎಡಿಟ್ ಮಾಡೋರು, ಬೇರೆ ಗ್ರಾಫಿಕ್ಸ್ ಕಾರ್ಡ್ ಇರೋರು ಎಫ್ ತಗೊಂಡ್ರೂ ನಡೆಯತ್ತೆ.

ಹೆಸರುಗಳ ಬಗ್ಗೆ ನನಗೆ ನಿಜಕ್ಕೂ ಬೇಜಾರಿದೆ, ಗೊತ್ತಿಲ್ಲದೋರ ಕೈ ಕಚ್ಚೋದು ಇಲ್ಲೇ. ರೈಜನ್ 5 5500, ರೈಜನ್ 5 5600 ಎರಡೂ ಆರು ಕೋರ್, ಹನ್ನೆರಡು ಥ್ರೆಡ್. ಆದ್ರೆ 5500ರಲ್ಲಿ ಎಲ್3 ಕ್ಯಾಶ್ 16 ಎಂಬಿ, ಗ್ರಾಫಿಕ್ಸ್ ಕಾರ್ಡ್ ಜೋಡಿಸೋ ದಾರಿ ಪಿಸಿಐಇ 3.0, 5600ರಲ್ಲಿ 32 ಎಂಬಿ, ಪಿಸಿಐಇ 4.0. ಗೇಮಲ್ಲಿ ವ್ಯತ್ಯಾಸ ಚೆನ್ನಾಗೇ ಕಾಣತ್ತೆ. ಲ್ಯಾಪ್‌ಟಾಪಲ್ಲಂತೂ ಕೇಳಲೇಬೇಡಿ. ರೈಜನ್ 5 7520ಯು, 7530ಯು, 7640ಯು ಮೂರೂ ಒಂದೇ 7000 ಸರಣಿ, ಮೂರರ ಮೇಲೂ ರೈಜನ್ 5 ಸ್ಟಿಕರ್. ಒಳಗೆ ನೋಡಿದ್ರೆ ಮೊದಲನೇದು ಝೆನ್ 2, ಅದೂ ನಾಲ್ಕೇ ಕೋರ್, ಎರಡನೇದು ಝೆನ್ 3, ಮೂರನೇದು ಝೆನ್ 4. ಆ ಸರಣಿಯಲ್ಲಿ ಮೂರನೇ ಅಂಕಿ ಆರ್ಕಿಟೆಕ್ಚರ್ ಹೇಳತ್ತೆ, 2 ಇದ್ರೆ ಝೆನ್ 2, 4 ಇದ್ರೆ ಝೆನ್ 4. ಬೆಲೆ ಚೀಟಿಯಲ್ಲಿ ಬರೀ ರೈಜನ್ 5, 16 ಜಿಬಿ ಅಂತ ಬರೆದಿದ್ರೆ ಪೂರ್ತಿ ಮಾಡೆಲ್ ನಂಬರ್ ಕೇಳದೆ ದುಡ್ಡು ತೆಗೀಬೇಡಿ. ಇಂಟೆಲ್ ಕಡೆನೂ ಕೋರ್ ಸಂಖ್ಯೆಯನ್ನ ಹಾಗೇ ನಂಬೋ ಹಾಗಿಲ್ಲ, ಐ5-13400ನ ಹತ್ತು ಕೋರ್‌ನಲ್ಲಿ ಆರು ದೊಡ್ಡವು, ನಾಲ್ಕು ಸಣ್ಣವು. ಅದನ್ನ ಹತ್ತು ದೊಡ್ಡ ಕೋರ್ ಅಂತ ಭಾವಿಸಿ ಕೋರಿಗಿಷ್ಟು ಅಂತ ಭಾಗಿಸಿದ್ರೆ ಲೆಕ್ಕ ದಾರಿ ತಪ್ಪತ್ತೆ.

ಕರೆಂಟ್ ವಿಷಯ. ಬಾಕ್ಸ್ ಮೇಲಿನ ವ್ಯಾಟ್ಸ್ ನಂಬಬೇಡಿ. ಐ9-12900ಕೆ ಮೇಲೆ 125 ವ್ಯಾಟ್ ಅಂತಿರತ್ತೆ, ಟರ್ಬೋದಲ್ಲಿ 241 ವ್ಯಾಟ್‌ವರೆಗೆ ಎಳೆಯತ್ತೆ. ಎಎಂಡಿಯ 105 ವ್ಯಾಟ್ ಚಿಪ್‌ಗಳು ಪೂರ್ತಿ ಲೋಡ್‌ನಲ್ಲಿ 142 ವ್ಯಾಟ್‌ವರೆಗೆ ಹೋಗ್ತವೆ. ಎರಡು ಚಿಪ್ ಮಧ್ಯೆ 100 ವ್ಯಾಟ್ ವ್ಯತ್ಯಾಸ ಇದ್ದು ದಿನಕ್ಕೆ ಮೂರು ಗಂಟೆ ಪೂರ್ತಿ ಲೋಡ್ ಹಾಕಿದ್ರೆ ವರ್ಷಕ್ಕೆ ಸುಮಾರು 110 ಯೂನಿಟ್. ನಿಮ್ಮಂಥ ಬಳಕೆಗೆ ಇದು ಅಂಥ ದೊಡ್ಡ ಮೊತ್ತ ಅಲ್ಲ, ಅದಕ್ಕಿಂತ ದೊಡ್ಡದು ಆ ಶಾಖ ಹೊರಗೆ ಹಾಕೋಕೆ ಬೇಕಾಗೋ ಕೂಲರ್ ಮತ್ತೆ ಅದರ ಸದ್ದು. ದಿನದ 24 ಗಂಟೆ ಆನ್ ಇಡೋ ಮಷಿನ್ ಆದ್ರೆ ಮಾತ್ರ ಸುಮ್ಮನಿದ್ದಾಗ ಎಷ್ಟು ಎಳೆಯತ್ತೆ ಅಂತ ನೋಡಿ, ಬರೀ 30 ವ್ಯಾಟ್ ವ್ಯತ್ಯಾಸ ವರ್ಷಕ್ಕೆ 260 ಯೂನಿಟ್ ದಾಟತ್ತೆ. ಲ್ಯಾಪ್‌ಟಾಪ್ ತಗೊಳ್ಳೋರು ಇನ್ನೊಂದು ಗಮನಿಸಿ, ತೆಳ್ಳನೆ ಬಾಡಿಯಲ್ಲಿ ಮೊದಲ ನಿಮಿಷ ಹಾರಾಡೋ ಚಿಪ್ ಬಿಸಿಯಾದ್ಮೇಲೆ ಕ್ಲಾಕ್ ಇಳಿಸ್ಕೊಂಡು ಕೂರತ್ತೆ, ಅದಕ್ಕೇ ಸಿನಿಬೆಂಚ್ ಆರ್23 ಸುಮ್ನೆ ಒಂದು ಸಲ ಓಡಿಸದೆ ಹತ್ತು ನಿಮಿಷ ಓಡಿಸೋ ಹಾಗೆ ಮಾಡಿದಾರೆ. ಹತ್ತು ನಿಮಿಷದ ಸ್ಕೋರೇ ಕೇಳಿ.

ಸೆಕೆಂಡ್ ಹ್ಯಾಂಡ್ ನೋಡ್ತಿದ್ರೆ ಇದೊಂದು ತಿಳ್ಕೊಂಡಿರಿ. ಇಂಟೆಲ್ 13 ಮತ್ತು 14ನೇ ಜನರೇಷನ್‌ನ ಹೆಚ್ಚು ವ್ಯಾಟಿನ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ, ಮುಖ್ಯವಾಗಿ ಹೆಸರಿನ ಕೊನೆಗೆ ಕೆ ಇರೋ ಐ7, ಐ9 ಮಾಡೆಲ್‌ಗಳಲ್ಲಿ, ವೋಲ್ಟೇಜ್ ಜಾಸ್ತಿ ಹೋಗಿ ಕಾಲಕ್ರಮೇಣ ಚಿಪ್ ಹಾಳಾಗೋ ತೊಂದರೆ ಇತ್ತು. 2024ರ ಆಗಸ್ಟ್‌ನಲ್ಲಿ ಮೈಕ್ರೋಕೋಡ್ (ಚಿಪ್ ಒಳಗಿನ ಸೂಚನೆಗಳ) ಅಪ್‌ಡೇಟ್ ಬಂತು, ವಾರಂಟಿನೂ ಎರಡು ವರ್ಷ ಜಾಸ್ತಿ ಮಾಡಿದ್ರು. ಅಪ್‌ಡೇಟ್ ಮುಂದಿನ ಹಾನಿ ತಡೆಯತ್ತೆ, ಆಗಿರೋ ಹಾನಿ ವಾಪಸ್ ಬರಲ್ಲ. ಹೊಸದು ತಗೊಂಡು ಬಯಾಸ್ ಅಪ್‌ಡೇಟ್ ಮಾಡ್ಕೊಂಡ್ರೆ ಭಯ ಬೇಡ, ಆದ್ರೆ ಎರಡು ವರ್ಷ ಯಾರೋ ಹೇಗೋ ಓಡಿಸಿದ ಐ9ನ ಅಗ್ಗಕ್ಕೆ ಸಿಗತ್ತೆ ಅಂತ ತಗೊಳ್ಳೋದನ್ನ ನಾನಂತೂ ಯಾರಿಗೂ ಹೇಳಲ್ಲ.

ಇಂಟೆಲ್ಲಾ ಎಎಂಡಿನಾ ಅನ್ನೋದಕ್ಕೆ ನಿಮ್ಮ ಕೆಲಸ ನೋಡಿ ಹೇಳೋದಾದ್ರೆ: ಕ್ಯಾಮೆರಾದ 4:2:2 ಫೈಲ್ ಎಡಿಟ್ ಮಾಡೋದಿದ್ರೆ ಒಳಗಿನ ಗ್ರಾಫಿಕ್ಸ್ ಇರೋ ಇಂಟೆಲ್ ಐ5. ಅದಿಲ್ಲ ಅಂದ್ರೆ, ಇನ್ನು ಮೂರ್ನಾಲ್ಕು ವರ್ಷಕ್ಕೆ ಬೋರ್ಡ್ ಬದಲಾಯಿಸದೆ ಚಿಪ್ ಮಾತ್ರ ಮೇಲಿಂದು ಹಾಕ್ಬೇಕು ಅನ್ನೋ ಆಸೆ ಇದ್ರೆ ಎಎಂ5ನ ಆರು ಅಥವಾ ಎಂಟು ಕೋರಿನ ರೈಜನ್. ಡಿಡಿಆರ್4 ರ‍್ಯಾಮ್ ಕೈಯಲ್ಲಿದ್ದು ಬಜೆಟ್ ಬಿಗಿ ಇದ್ರೆ ಐ5-12400 ಅಥವಾ ರೈಜನ್ 5 5600, ಎರಡೂ ಕೋಡಿಂಗ್‌ಗೆ ಈಗಲೂ ಧಾರಾಳ. ಐ9, ರೈಜನ್ 9 ಕಡೆ ನಿಮ್ಮ ಕೆಲಸಕ್ಕೆ ನೋಡೋದೇ ಬೇಡ.

ಶೀಟನ್ನ ಮತ್ತೆ ಮಾಡೋವಾಗ ಜಿಯಾನ್ ಸಾಲನ್ನೂ ಅಳಿಸಬೇಡಿ, ಇರ್ಲಿ. ಪ್ರತಿ ಚಿಪ್ ಮುಂದೆ ಅದಕ್ಕೆ ಹೊಂದೋ ಬೋರ್ಡ್, ರ‍್ಯಾಮ್, ಕೂಲರ್ ಬೆಲೆ ಹಾಕಿ ಪೂರ್ತಿ ಮೊತ್ತ ಕೂಡಿ, ಆಮೇಲೆ ಸಿಂಗಲ್, ಮಲ್ಟಿ ಎರಡು ಕಾಲಮ್ ಇಟ್ಟು ನಿಮ್ಮ ಕಾಯೋ ಗಂಟೆಗಳನ್ನ ಭಾಗಿಸಿ. ಆ ಗಂಟೆಗಳು ಗೊತ್ತಾಗ್ಬೇಕು ಅಂದ್ರೆ ಒಂದು ವಾರ ಈಗಿನ ಮಷಿನ್‌ನಲ್ಲಿ ಬಿಲ್ಡ್ ಎಷ್ಟು ಹೊತ್ತು, ಎಕ್ಸ್‌ಪೋರ್ಟ್ ಎಷ್ಟು ಹೊತ್ತು ಅಂತ ಬರೆದಿಡಿ. ಬೆಲೆಗಳನ್ನ ಮಾತ್ರ ಖರೀದಿ ಮಾಡೋ ವಾರದಲ್ಲೇ ತುಂಬಿ, ಹೊಸ ಜನರೇಷನ್ ಬಂದ ತಿಂಗಳಲ್ಲಿ ಹಿಂದಿನ ಚಿಪ್‌ಗಳ ಬೆಲೆ ಇಳಿದು ಮಧ್ಯದ ನಾಲ್ಕೈದು ಸಾಲುಗಳ ಕ್ರಮ ಬದಲಾಗ್ತಾನೇ ಇರತ್ತೆ.